ಊರೇ ಕಡಲತಡಿಗೆ ಬಂದು ಬೀಳ್ಕೊಡುವ ದ್ವೀಪ

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಟ್ರಿಸ್ಟನ್ ಡ ಕುನ್ಹಾ ದ್ವೀಪಕ್ಕೆ ವಿಮಾನವಿಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಸುಮಾರು 2,800 ಕಿ.ಮೀ. ಹಡಗಿನಲ್ಲೇ ಹೋಗಬೇಕು. ಅದಕ್ಕೆ ಒಂದು ವಾರ ಹಿಡಿಯುತ್ತದೆ, ವರ್ಷಕ್ಕೆ ಬರುವ ಹಡಗುಗಳೂ ಕೆಲವೇ. ಬ್ರಿಟನ್ನಿಗೆ ಸೇರಿದ ಈ ದ್ವೀಪದಲ್ಲಿರುವುದು ಒಂದೇ ಊರು, 250ಕ್ಕಿಂತ ಕಡಿಮೆ ಜನ.

ಹೆಚ್ಚಿನ ಓದಿಗಾಗಲಿ ದೊಡ್ಡ ಚಿಕಿತ್ಸೆಗಾಗಲಿ ದ್ವೀಪ ಬಿಡಲೇಬೇಕು. ಹಡಗು ದೂರದಲ್ಲೇ ಲಂಗರು ಹಾಕುವುದರಿಂದ ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ಒಯ್ಯುತ್ತಾರೆ. ಕಡಲು ಪ್ರಕ್ಷುಬ್ಧವಾದರೆ ವಿದಾಯ ಹೇಳಿದವರೂ ಮನೆಗೆ ಮರಳಿ ದಿನಗಟ್ಟಲೆ ಕಾಯಬೇಕು. ಕಡಲ ಬದಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1817ರಲ್ಲಿ ವಿಲಿಯಂ ಗ್ಲಾಸ್ ಮತ್ತು ಸಂಗಡಿಗರು ಇಲ್ಲಿ ನೆಲೆಸಿದಾಗ, ಯಾರೂ ಮೇಲಲ್ಲ, ಎಲ್ಲರೂ ಸಮಾನರು ಎಂದು ಒಪ್ಪಂದ ಬರೆದುಕೊಂಡಿದ್ದರು. ಇಂದಿಗೂ ಭೂಮಿ ಇಡೀ ಊರಿನ ಸೊತ್ತು, ಹೊರಗಿನವರು ಕೊಳ್ಳುವಂತಿಲ್ಲ. ಬಟಾಟೆ ಬೆಳೆಯಲು ಪ್ರತಿ ಕುಟುಂಬಕ್ಕೂ ತುಂಡು ಜಾಗವಿದೆ. ಒಬ್ಬರು ಸಿರಿವಂತರಾಗಿ ಇನ್ನೊಬ್ಬರ ಹುಲ್ಲುಗಾವಲು ಬರಿದಾಗಬಾರದೆಂದು ದನಗಳ ಸಂಖ್ಯೆಗೂ ಮಿತಿ ಹಾಕಿದ್ದಾರೆ.

ನಿವಾಸಿಗಳಲ್ಲಿ ಹೆಚ್ಚಿನವರು ಆಂಗ್ಲಿಕನ್ನರು. ಕಥೋಲಿಕ ಸಮುದಾಯದ ಬೇರು 1908ರಲ್ಲಿ ಬಂದ ಐರ್ಲೆಂಡ್ ಮೂಲದ ಸೋದರಿಯರಾದ ಆಗ್ನೆಸ್ ಮತ್ತು ಎಲಿಜಬೆತ್ ಸ್ಮಿತ್ ಅವರದು. ಇಂದು ಸಂತ ಜೋಸೆಫರ ಹೆಸರಿನ ಚರ್ಚ್ ಇದೆ, ಆದರೆ ಅಲ್ಲೇ ನೆಲೆಸಿದ ಧರ್ಮಗುರುಗಳಿಲ್ಲ. ಗುರುಗಳು ಹಡಗಿನಲ್ಲಿ ಬಂದಾಗ ಮಾತ್ರ ಬಲಿಪೂಜೆ, ಉಳಿದ ದಿನಗಳಲ್ಲಿ ಶ್ರೀಸಾಮಾನ್ಯರೇ ಪ್ರಾರ್ಥನೆ ನಡೆಸುತ್ತಾರೆ. ಗುರುಗಳಿಗೆ ವಿದಾಯ ಹೇಳುವುದೆಂದರೆ ಅಲ್ಲಿ ಬಲಿಪೂಜೆಗೂ ವಿದಾಯವೇ.

ಇಡೀ ಊರೇ ದ್ವೀಪಕ್ಕೆ ವಿದಾಯ ಹೇಳಬೇಕಾಗಿ ಬಂದದ್ದು 1961ರ ಅಕ್ಟೋಬರ್‌ನಲ್ಲಿ. ಊರ ಪಕ್ಕದಲ್ಲೇ ಜ್ವಾಲಾಮುಖಿ ಸಿಡಿದಾಗ 264 ನಿವಾಸಿಗಳು ನೆರೆಯ ನೈಟಿಂಗೇಲ್ ದ್ವೀಪಕ್ಕೆ ಹೋಗಿ, ಮರುದಿನ ಡಚ್ ಹಡಗೊಂದರಲ್ಲಿ ಕೇಪ್‌ಟೌನ್ ಕಡೆಗೆ ಹೊರಟು, ಕೊನೆಗೆ ಇಂಗ್ಲೆಂಡ್ ಸೇರಿದರು. ಕ್ಯಾಲ್ಶಾಟ್ ಎಂಬಲ್ಲಿ ಹಳೆಯ ವಾಯುಪಡೆ ವಸತಿಗಳಲ್ಲಿ ಮನೆ, ಕೆಲಸ, ಸಂಬಳ ಎಲ್ಲವೂ ದೊರೆಯಿತು. ಆದರೆ ಅವರಿಗೆ ರೂಢಿಯಿಲ್ಲದ ಶೀತ, ಸೋಂಕುಗಳು ಕೆಲವು ಹಿರಿಯರನ್ನು ಬಲಿ ತೆಗೆದುಕೊಂಡವು. ಇಂಥ ಸೌಕರ್ಯ ಬಿಟ್ಟು ಯಾರು ಹಿಂದೆ ಹೋಗುತ್ತಾರೆಂದು ಅಲ್ಲಿನ ಅಧಿಕಾರಿಗಳು ಎಣಿಸಿದ್ದಿರಬೇಕು. 1962ರ ಡಿಸೆಂಬರ್‌ನಲ್ಲಿ ಮತ ಹಾಕಿದಾಗ ಮರಳಲು 148 ಮತ, ಉಳಿಯಲು ಬರೀ ಐದು! 1963ರಲ್ಲಿ ಹೆಚ್ಚಿನವರು ಊರಿಗೆ ಮರಳಿದರು. ಕೆಲವು ವರ್ಷಗಳ ಬಳಿಕ ಹಲವರು ಮತ್ತೆ ಇಂಗ್ಲೆಂಡಿಗೆ ಹೋದರೆಂಬುದನ್ನೂ ಹೇಳಬೇಕು.

ಮರಳಿದ ಮೇಲೆ ಕಟ್ಟಿದ ಪುಟ್ಟ ಬಂದರಿಗೆ ಕ್ಯಾಲ್ಶಾಟ್ ಎಂದೇ ಹೆಸರಿಟ್ಟರು. ದ್ವೀಪ ಬಿಡುವವರ ದೋಣಿ ಹೊರಡುವುದು ಅಲ್ಲಿಂದಲೇ.