ಕಿಟಕಿಯಿಂದ ಕಂಡ ಬಲಿಪೂಜೆ

ಊರಿಗೆ ಮಾರಿ ಬಂದಾಗ ಜನ ಒಟ್ಟಾಗಿ ದೇವರಿಗೆ ಮೊರೆಯಿಡಲು ಬಯಸುತ್ತಾರೆ. ವೈದ್ಯರಾದರೋ ಯಾರೂ ಒಂದೆಡೆ ಸೇರಕೂಡದೆನ್ನುತ್ತಾರೆ. ಈ ಇಕ್ಕಟ್ಟು ಎಲ್ಲ ಮತಗಳಿಗೂ ಬಂದದ್ದೇ. ಆದರೆ ಕಥೋಲಿಕ ಕ್ರೈಸ್ತರಿಗೆ ಅದು ತುಸು ಹೆಚ್ಚು ಬಿಗಿಯಾದದ್ದು. ಅವರ ಆರಾಧನೆಯ ಕೇಂದ್ರ ಬಲಿಪೂಜೆ. ಅಲ್ಲಿ ರೊಟ್ಟಿಯ ರೂಪದ ಪರಮಪ್ರಸಾದವನ್ನು ಗುರುವಿನ ಕೈಯಿಂದ ಸ್ವೀಕರಿಸಬೇಕು. ಪಾಪನಿವೇದನೆಯನ್ನು ಗುರುವಿನ ಎದುರಿಗೇ ಮಾಡಬೇಕು. ಪತ್ರದಲ್ಲಿ ಬರೆದು ಕಳಿಸಿದರೆ, ದೂರವಾಣಿಯಲ್ಲಿ ಹೇಳಿದರೆ ಸಲ್ಲದು. ಸಾಯುವವರ ಹಣೆಗೆ, ಅಂಗೈಗೆ ಗುರು ತೈಲ ಹಚ್ಚಬೇಕು. ಎಲ್ಲವೂ ಮುಟ್ಟಿ, ಹತ್ತಿರ ನಿಂತು ಆಗಬೇಕಾದವು. ಮುಟ್ಟುವುದೇ ಅಪಾಯವಾದ ಕಾಲದಲ್ಲಿ ಧರ್ಮಕೇಂದ್ರದ ಬಾಳು ಸಾಗುವುದು ಹೇಗೆ?

ಈ ಪ್ರಶ್ನೆಗೆ ಇಟಲಿಯ ಮಿಲಾನ್ ನಗರ ಮೂರು ಬಾರಿ ಉತ್ತರ ಹುಡುಕಬೇಕಾಯಿತು. ಮೊದಲನೆಯದು 1576ರಲ್ಲಿ. ಆ ವರ್ಷ ಪ್ಲೇಗು ನಗರವನ್ನು ಹೊಕ್ಕಾಗ ಸ್ಪೇನಿನ ಗವರ್ನರನೂ ಸಿರಿವಂತರೂ ಊರು ಬಿಟ್ಟರು. ಮಹಾಧರ್ಮಾಧ್ಯಕ್ಷ ಕಾರ್ಲೊ ಬೊರೊಮಿಯೊ ಮಾತ್ರ ಉಳಿದರು. ಅರಮನೆಯ ಪರದೆ, ಬಟ್ಟೆಗಳನ್ನೆಲ್ಲ ಬಡವರ ಉಡುಪಿಗಾಗಿ ಕೊಟ್ಟರು. ಅಕ್ಟೋಬರಿನಲ್ಲಿ ಕೊರಳಿಗೆ ಹಗ್ಗ ಹಾಕಿಕೊಂಡು, ಬರಿಗಾಲಲ್ಲಿ, ಶಿಲುಬೆ ಹೊತ್ತು ಪ್ರಾಯಶ್ಚಿತ್ತದ ಮೆರವಣಿಗೆ ನಡೆಸಿದರು. ನಗರದ ಆರೋಗ್ಯ ಮಂಡಳಿ ಇದನ್ನು ಒಪ್ಪಲಿಲ್ಲ. ಕೊನೆಗೆ ಪುರುಷರು ಮಾತ್ರ, ಎರಡು ಸಾಲಿನಲ್ಲಿ, ನಡುವೆ ಅಂತರ ಬಿಟ್ಟು ನಡೆಯತಕ್ಕದ್ದೆಂದು ಗೊತ್ತಾಯಿತು.

ಆ ತಿಂಗಳ ಕೊನೆಗೆ ಇಡೀ ನಗರಕ್ಕೆ ದಿಗ್ಬಂಧನ ಬಂತು. ಜನ ಮನೆ ಬಿಟ್ಟು ಹೊರಡುವಂತಿರಲಿಲ್ಲ. ಚರ್ಚಿಗೆ ಜನ ಬರಲಾಗದಿದ್ದರೆ ಚರ್ಚೇ ಜನರಿದ್ದಲ್ಲಿಗೆ ಹೋಗಲೆಂದು ಬೊರೊಮಿಯೊ ಏರ್ಪಾಡು ಮಾಡಿದರು. ಬೀದಿಗಳು ಕೂಡುವೆಡೆ ಬಲಿಪೀಠಗಳನ್ನು ಕಟ್ಟಿಸಿದರು. ಸುತ್ತಲಿನವರು ಕಿಟಕಿಯಲ್ಲಿ, ಹೊಸ್ತಿಲಲ್ಲಿ ನಿಂತು ಪೂಜೆ ಕಂಡರು. ದಿನಕ್ಕೆ ಏಳು ಬಾರಿ ಗಂಟೆ ಬಾರಿಸುತ್ತಿತ್ತು. ಗಂಟೆ ಕೇಳಿದೊಡನೆ ಒಂದು ಮನೆಯವರು ಪ್ರಾರ್ಥನೆಯ ಒಂದು ಸಾಲು ಹೇಳಿದರೆ ಎದುರು ಮನೆಯವರು ಮುಂದಿನ ಸಾಲು ಹೇಳುವರು. ಗುರುಗಳು ಸಣ್ಣ ಪೀಠವೊಂದನ್ನು ಹೊತ್ತು ಬೀದಿ ಬೀದಿ ತಿರುಗಿ, ಮನೆ ಬಾಗಿಲ ಹೊರಗೆ ಕುಳಿತು ಒಳಗಿದ್ದವರ ಪಾಪನಿವೇದನೆ ಕೇಳುತ್ತಿದ್ದರು. ಆ ದಿನಗಳ ವೃತ್ತಾಂತವನ್ನು ಪಾವೊಲೊ ಬಿಶ್ಯೋಲ ಎಂಬ ಯೇಸುಸಭೆಯ ಗುರು 1577ರಲ್ಲಿ ಬರೆದಿಟ್ಟರು. ನಗರದಲ್ಲಿ ಸುಮಾರು 17,000 ಮಂದಿ ಸತ್ತರು. ರೋಗ ತೊಲಗಿತೆಂದು ಅಧಿಕೃತವಾಗಿ ಸಾರಿದ್ದು 1578ರ ಜನವರಿ 20ರಂದು. ಅದು ಪ್ಲೇಗಿನಿಂದ ಕಾಯುವವರೆಂದು ಜನ ನಂಬಿದ್ದ ಸಂತ ಸೆಬಾಸ್ಟಿಯನ್ನರ ಹಬ್ಬದ ದಿನ.

ಈ ಪಾಠವನ್ನು ಮಿಲಾನ್ ಉಳಿಸಿಕೊಂಡಿತೇ? 1630ರಲ್ಲಿ ಮತ್ತೆ ಪ್ಲೇಗು ಬಂದಾಗ ಮಹಾಧರ್ಮಾಧ್ಯಕ್ಷರಾಗಿದ್ದವರು ಕಾರ್ಲೊ ಅವರ ದಾಯಾದಿ ತಮ್ಮ ಫೆಡೆರಿಕೊ ಬೊರೊಮಿಯೊ. ಅಷ್ಟರಲ್ಲಿ ಕಾರ್ಲೊ ಸಂತಪದವಿಗೇರಿದ್ದರು. ಅವರ ಪಾರ್ಥಿವ ಶರೀರವನ್ನು ಮೆರವಣಿಗೆಯಲ್ಲಿ ಒಯ್ಯಬೇಕೆಂದು ನಗರದ ಹಿರಿಯರು ಕೇಳಿದರು. ಫೆಡೆರಿಕೊ ಮೊದಲು ಒಪ್ಪಲಿಲ್ಲ. ಒತ್ತಾಯ ಹೆಚ್ಚಾದಾಗ ಮಣಿದರು. ಜೂನ್ 11ರಂದು ಜನಸಾಗರದ ನಡುವೆ ಮೆರವಣಿಗೆ ನಡೆಯಿತು. ಮರುದಿನದಿಂದಲೇ ಎಲ್ಲ ಬಡಾವಣೆಗಳಲ್ಲೂ ಸಾವು ಏರಿತೆಂದು ಇಟಲಿಯ ಕಾದಂಬರಿಕಾರ ಮಾಂಜೋನಿ ಹಳೆಯ ದಾಖಲೆಗಳ ಆಧಾರದಿಂದ ಬರೆದಿದ್ದಾನೆ. ಕಿಟಕಿಯಲ್ಲಿ ನಿಂತೇ ಪೂಜೆ ಕಾಣಿರೆಂದವರ ಶರೀರವೇ ಜನಜಂಗುಳಿಗೆ ನೆಪವಾಯಿತು. ತಪ್ಪನ್ನು ಗುಂಪಿನ ಮೇಲೆ ಹೊರಿಸಲು ಯಾರಿಗೂ ಮನಸ್ಸಿರಲಿಲ್ಲ. ಗೋಡೆಗಳಿಗೆ ವಿಷದ ಮುಲಾಮು ಬಳಿಯುವವರಿದ್ದಾರೆಂಬ ಗುಲ್ಲೆದ್ದು, ಜಾನ್‌ಜಾಕೊಮೊ ಮೋರ ಎಂಬ ಕ್ಷೌರಿಕನೂ ಗುಲಿಯೆಲ್ಮೊ ಪಿಯಾಝ ಎಂಬ ಆರೋಗ್ಯ ಮಂಡಳಿಯ ನೌಕರನೂ ಚಿತ್ರಹಿಂಸೆಗೊಳಗಾಗಿ ಪ್ರಾಣ ತೆತ್ತರು. ಪ್ಲೇಗಿನ ರೋಗಾಣು ಪತ್ತೆಯಾದದ್ದು 1894ರಲ್ಲಿ.

ಪ್ಲೇಗಿನ ಕಾಲದ ಭಕ್ತಿಯ ಕುರುಹುಗಳು ನಮ್ಮ ಕಡೆಯೂ ಉಂಟು. ಮಂಗಳೂರಿನ ಬೆಂದೂರು ಚರ್ಚು ಸಂತ ಸೆಬಾಸ್ಟಿಯನ್ನರ ಹೆಸರಿನದು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಬಾಂದ್ರಾದಂಥ ಕಡೆ ಕ್ರೈಸ್ತರು ಗಲ್ಲಿಗಳಲ್ಲಿ ಶಿಲುಬೆಗಳನ್ನು ನಿಲ್ಲಿಸಿ ಅಲ್ಲೇ ಪ್ರಾರ್ಥಿಸಿದರು. ಬೀದಿಯೇ ಆರಾಧನೆಯ ನೆಲೆಯಾದ ಮಿಲಾನಿನ ರೂಢಿಗೆ ಇದು ಹತ್ತಿರದ್ದು.

ಮಿಲಾನಿಗೆ ಮೂರನೆಯ ಪರೀಕ್ಷೆ ಬಂದದ್ದು 2020ರಲ್ಲಿ. ಫೆಬ್ರವರಿಯ ಕೊನೆಯ ವಾರದಲ್ಲೇ ಕೊರೊನಾ ಕಾರಣ ಅಲ್ಲಿ ಸಾರ್ವಜನಿಕ ಪೂಜೆ ನಿಂತಿತು. ಮಾರ್ಚ್ 11ರಂದು ಮಹಾಧರ್ಮಾಧ್ಯಕ್ಷ ಮಾರಿಯೊ ದೆಲ್ಪಿನಿ ಪ್ರಧಾನ ದೇವಾಲಯದ ಮಾಳಿಗೆಯೇರಿ, ಶಿಖರದ ಮರಿಯಮ್ಮನ ಚಿನ್ನದ ಪ್ರತಿಮೆಯೆದುರು ಒಬ್ಬರೇ ಪ್ರಾರ್ಥಿಸಿದರು. ಮಾರ್ಚ್ 27ರ ಸಂಜೆ ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ತೊಯ್ದ ಬರಿದಾದ ಚೌಕದಲ್ಲಿ ಜಗತ್ತನ್ನು ಆಶೀರ್ವದಿಸಿದರು. ಅವರ ಬಳಿ ನಿಂತಿದ್ದ ಮರದ ಶಿಲುಬೆ 1522ರ ಪ್ಲೇಗಿನಲ್ಲಿ ಹದಿನಾರು ದಿನ ಆ ನಗರದ ಬೀದಿಗಳಲ್ಲಿ ಮೆರವಣಿಗೆ ಹೋಗಿದ್ದದ್ದು. ಅಂದು ಹಿಂದೆ ಜನರಿದ್ದರು. ಇಂದು ಜನರೆಲ್ಲ ದೂರದರ್ಶನದ ಮುಂದಿದ್ದರು.

ಆ ವರ್ಷದ ಏಪ್ರಿಲ್ 12ರ ಈಸ್ಟರ್ ಕರ್ನಾಟಕದಲ್ಲೂ ಮುಚ್ಚಿದ ಬಾಗಿಲುಗಳ ಹಿಂದೆಯೇ ಕಳೆಯಿತು. ದೇವಾಲಯ, ಮಸೀದಿ, ಚರ್ಚುಗಳಿಗೆ ಜನ ಮರಳಿದ್ದು ಜೂನ್ 8ರ ನಂತರ. ಇಟಲಿಯಲ್ಲಿ ಮೇ 18ರವರೆಗೆ ಜನರಿಗೆ ಪೂಜೆಯಿರಲಿಲ್ಲ. ಸತ್ತವರಿಗೆ ಚರ್ಚಿನಲ್ಲಿ ಅಂತ್ಯಪೂಜೆಯೂ ನಿಂತು, ಮೇ 4ರಿಂದ ಹದಿನೈದು ಮಂದಿಗೆ ಮಾತ್ರ ಅವಕಾಶ ದೊರೆಯಿತು. ಪೂಜೆಗೆ ಇನ್ನೂ ಅನುಮತಿಯಿಲ್ಲವೆಂದು ಏಪ್ರಿಲ್ 26ರಂದು ಧರ್ಮಾಧ್ಯಕ್ಷರು ಸರಕಾರದ ಮೇಲೆ ಸಿಡಿದರು. ಎರಡು ದಿನಗಳ ಬಳಿಕ ಪೋಪರು ವಿವೇಕಕ್ಕಾಗಿ, ವಿಧೇಯತೆಗಾಗಿ ಪ್ರಾರ್ಥಿಸಿದರು. ಬೊರೊಮಿಯೊ ಮತ್ತು ಆರೋಗ್ಯ ಮಂಡಳಿಯ ಹಳೆಯ ಜಗಳವೇ ಮರಳಿದಂತಿತ್ತು.

ಪರದೆಯ ಮೇಲೆ ಪೂಜೆ ಕಾಣಿಸಿತು, ಪ್ರಸಾದ ಕೈಗೆ ಬರಲಿಲ್ಲ. ಗುರುವಿಲ್ಲದೆ ಸಾಯುವವರಿಗೆ, ಮನಸಾರೆ ಪಶ್ಚಾತ್ತಾಪಪಟ್ಟು, ಅವಕಾಶ ದೊರೆತೊಡನೆ ಪಾಪನಿವೇದನೆ ಮಾಡುವ ಸಂಕಲ್ಪವಿದ್ದರೆ ಕ್ಷಮೆಯುಂಟೆಂಬ ಹಳೆಯ ಬೋಧನೆಯನ್ನು ವ್ಯಾಟಿಕನ್ ಮಾರ್ಚ್ 20ರಂದು ನೆನಪಿಸಿತು. ಆಸ್ಪತ್ರೆಗಳಲ್ಲಿ ತಮ್ಮವರನ್ನು ಕಾಣದೆ ಸತ್ತವರ ಮನೆಯವರಿಗೆ ಆ ಮಾತು ಸಣ್ಣ ಸಮಾಧಾನವಾಗಿರಲಿಲ್ಲ.

ಆದರೂ ಜನ ಗುರುವನ್ನು ಎದುರಿಗೆ ಕಾಣಲು ಹಂಬಲಿಸಿದರು. ಅಮೆರಿಕದ ಕೆಲವು ಧರ್ಮಕೇಂದ್ರಗಳಲ್ಲಿ ಗುರುಗಳು ಕಾರು ನಿಲ್ಲುವ ಬಯಲಿನಲ್ಲಿ ಕುರ್ಚಿ ಹಾಕಿಕೊಂಡು, ಕಾರಿನ ಕಿಟಕಿಯಿಂದ ಮಾತಾಡುವವರ ಪಾಪನಿವೇದನೆ ಕೇಳಿದರು. ಮಿಲಾನಿನ ಗುರುಗಳು ಅದಕ್ಕೂ 444 ವರ್ಷಗಳ ಮೊದಲು ಪೀಠ ಹೊತ್ತು ಮಾಡಿದ್ದೂ ಅದನ್ನೇ: ಮುಟ್ಟದಷ್ಟು ದೂರ, ದನಿ ಕೇಳುವಷ್ಟು ಹತ್ತಿರ.