ಅಬ್ಬಿಗೆ ಇಳಿಯುವ ಮುನ್ನ ಮೇಲಿನ ಗುಡ್ಡ ನೋಡಿ

ಮಳೆ ಹಿಂದಾಗಿ ದಸರೆ ರಜೆ ಹತ್ತಿರವಾದಂತೆ ಬಯಲುಸೀಮೆಯ ನೆಂಟರು ನಮ್ಮ ಮನೆಗಳಿಗೆ ಬರತೊಡಗುತ್ತಾರೆ. ಬಂದವರ ಬೇಡಿಕೆ ಒಂದೇ: ಮಕ್ಕಳಿಗೆ ಒಂದು ಜಲಪಾತ ತೋರಿಸಿ. ಜೋಗ ದೂರದಿಂದ ನಿಂತು ನೋಡುವಂಥದು. ಹೆಬ್ಬೆಗೆ ಜೀಪು ಬೇಕು, ಮುಂದೆ ನಡಿಗೆಯೂ ಇದೆ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕೂಡಿ ಹೋಗಿ, ನೀರಿಗೆ ಕಾಲಿಟ್ಟು, ಬುತ್ತಿ ಉಂಡು ಸಂಜೆಗೆ ಮನೆ ಸೇರಲು ತಕ್ಕದ್ದು ತರೀಕೆರೆ ತಾಲ್ಲೂಕಿನ ಕಲ್ಲತ್ತಿಗಿರಿ. ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಏರುವ ದಾರಿಯಲ್ಲಿ, ಕೆಮ್ಮಣ್ಣುಗುಂಡಿಗಿಂತ ಸುಮಾರು ೧೦ ಕಿಲೋಮೀಟರ್ ಕೆಳಗೆ ಇದೆ. ನೀರು ಒಟ್ಟು ೧೨೨ ಮೀಟರ್ ಇಳಿಯುತ್ತದೆಂದು ಲೆಕ್ಕ. ಆದರೆ ಒಂದೇ ನೆಗೆತದಲ್ಲಲ್ಲ. ಮರಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಬರುವುದರಿಂದ ನಮ್ಮ ಕಣ್ಣಿಗೆ ಬೀಳುವುದು ಕೊನೆಯ ಕೆಲವು ಮೆಟ್ಟಿಲು ಮಾತ್ರ. ಬಂಡೆಯ ಸಂದಿನಲ್ಲಿ ವೀರಭದ್ರಸ್ವಾಮಿಯ ಗುಡಿ, ಕಲ್ಲಿನಲ್ಲಿ ಕಡೆದ ಆನೆಗಳು, ಅವುಗಳ ಎದುರಿಗೇ ನೀರು. ಗುಡಿ ವಿಜಯನಗರದ ಕಾಲದ್ದೆಂದು ಹೇಳುತ್ತಾರೆ. ಹಂಪಿಯ ಕಡೆಯಿಂದ ಬಂದವರಿಗೆ ಈ ಮಾತು ಹೇಳಿದರೆ ಅವರ ಮುಖ ಅರಳುವುದನ್ನು ನೋಡಬೇಕು.

ಹೊಸಪೇಟೆ ಹತ್ತಿರದ ಪಾಪಿನಾಯಕನಹಳ್ಳಿಯ ನಮ್ಮ ಬೀಗರು ಅಲ್ಲಿ ಒಂದು ಪ್ರಶ್ನೆ ಕೇಳಿದರು. "ಬೀಗರೇ, ನಮ್ಮ ಸಂಡೂರು ಗುಡ್ಡಾನೂ ಇಂಥದೇ ಕೆಂಪುಗಲ್ಲು. ಮಳಿ ಹೋದ್ರ ನಮ್ಮ ಹಳ್ಳ ಒಣಗತಾವು. ಇಲ್ಲಿ ಈ ನೀರು ಎಲ್ಲಿಂದ ಬರ್ತೈತ್ರಿ?" ಪ್ರಶ್ನೆ ಸರಿಯಾದದ್ದೇ. ಸಂಡೂರಿನ ಸಾಲೂ ಬಾಬಾಬುಡನ್ ಸಾಲೂ ಕಬ್ಬಿಣದ ಕಲ್ಲು ಹೊತ್ತ ಬೆಟ್ಟಗಳೇ. ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಈ ಕೆಮ್ಮಣ್ಣುಗುಂಡಿಯಿಂದಲೇ, ರೋಪ್‌ವೇ ತೊಟ್ಟಿಲಿನಲ್ಲಿ ತಣಿಗೆಬೈಲಿಗೆ ಇಳಿದು. ಇಂದು ಅಲ್ಲಿ ಗಣಿ ಇಲ್ಲ. ಕಲ್ಲು ಒಂದೇ ಜಾತಿಯದಾದರೂ ಬೀಳುವ ಮಳೆಯಲ್ಲಿ ಅಜಗಜಾಂತರವಿದೆ. ಇದು ಮೊದಲ ಉತ್ತರ. ಎರಡನೆಯದು, ಬಿದ್ದ ಮಳೆಯನ್ನು ಹಿಡಿದಿಡುವ ಹೊದಿಕೆ. ನೆತ್ತಿಯ ಹುಲ್ಲುಗಾವಲು, ಕಣಿವೆಯ ಶೋಲಾ ಕಾಡು, ಅದರ ಕೆಳಗೆ ಮರದ ನೆರಳಿನ ಕಾಫಿ, ಈ ಮೂರೂ ಸೇರಿ ಆಷಾಢದ ಮಳೆಯನ್ನು ಮಣ್ಣಿಗೆ ಇಳಿಸುತ್ತವೆ. ಇಳಿದ ನೀರು ಕಲ್ಲಿನ ಬಿರುಕುಗಳಲ್ಲಿ ನಿಧಾನ ಸಾಗಿ, ಮಳೆ ನಿಂತು ತಿಂಗಳುಗಳಾದ ಮೇಲೂ ಒರತೆಯಾಗಿ ಹೊರಬರುತ್ತದೆ. ಜನವರಿಯಲ್ಲಿ ಅಬ್ಬಿಯ ಕೆಳಗೆ ಮಗು ತಲೆಯೊಡ್ಡಿದರೆ ಆ ತಲೆಯ ಮೇಲೆ ಬೀಳುವುದು ಹಿಂದಿನ ಮುಂಗಾರಿನ ಮಳೆ.

ಅಬ್ಬಿ ಎಂದೆ. ಜಲಪಾತ ಎಂಬುದು ಪುಸ್ತಕದ ಮಾತು. ನಮ್ಮ ಹಿರಿಯರಿಗೆ ಅದು ಅಬ್ಬಿ. ಅದೇ ಹಳ್ಳದ ನೀರನ್ನು ಅಡಿಕೆ ದಬ್ಬೆಯಲ್ಲಿ ಬಚ್ಚಲವರೆಗೆ ತಂದು ಅದಕ್ಕೂ ಅಬ್ಬಿ ನೀರು ಎಂದರು. ಈಗ ದಬ್ಬೆಯ ಜಾಗಕ್ಕೆ ಕರಿ ಪೈಪು ಬಂದಿದೆ, ಅಷ್ಟೆ.

ಈ ಪಾಠ ನೆಂಟರಿಗಿಂತ ಹೆಚ್ಚಾಗಿ ನಮಗೇ ಬೇಕು. ಸಣ್ಣ ಅಬ್ಬಿಗಳಲ್ಲಿ ಎಷ್ಟೋ ನಮ್ಮ ತೋಟಗಳ ಕೆಳಗೇ ಇವೆ. ಕಾಡುಮರ ತೆಗೆದು ಬರೀ ಸಿಲ್ವರ್ ಓಕ್ ನಿಲ್ಲಿಸಿದರೆ, ಹಳ್ಳದ ಅಂಚಿನ ಅತ್ತಿ, ವಾಟೆ, ಮುಂಡಿಗೆ ಸವರಿ ಇನ್ನೆರಡು ಸಾಲು ಅಡಿಕೆ ಇಟ್ಟರೆ, ಒರತೆ ಬತ್ತುವುದು ಒಂದೇ ವರ್ಷದಲ್ಲಿ ಕಾಣಿಸುವುದಿಲ್ಲ. ಕಾಣಿಸಿದಾಗ ನಾವು ಮಳೆಯನ್ನು ದೂರುತ್ತೇವೆ. ಫೆಬ್ರವರಿ–ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಹೂವಿನ ನೀರು ಕೊಡಲು ಒಂದೇ ಹಳ್ಳಕ್ಕೆ ನಾಲ್ಕಾರು ಪಂಪ್‌ಸೆಟ್ ಇಳಿದರೆ ಕೆಳಗಿನ ಅಬ್ಬಿ ಆ ವಾರವೇ ನಿಲ್ಲುತ್ತದೆ. ಮೇಲಿನವನು ಸೋಮವಾರ, ಕೆಳಗಿನವನು ಗುರುವಾರ ಎಂದು ಮಾತಾಡಿಕೊಳ್ಳುವುದು ಅಷ್ಟು ಕಷ್ಟವೇ? ಅಣ್ಣತಮ್ಮಂದಿರ ನಡುವೆಯೇ ಕಷ್ಟ ಎಂಬುದನ್ನು ಬಲ್ಲೆ. ಆದರೂ ಕೇಳುತ್ತೇನೆ.

ಪಲ್ಪಿಂಗ್ ನೀರಿನ ಮಾತು ಇನ್ನೂ ನೇರವಾದದ್ದು. ನವೆಂಬರಿನಿಂದ ಫೆಬ್ರವರಿಯವರೆಗೆ, ಅಂದರೆ ನೆಂಟರು ಅಬ್ಬಿಗೆ ಬರುವ ದಿನಗಳಲ್ಲೇ, ನಮ್ಮ ಪಲ್ಪರುಗಳೂ ಓಡುತ್ತವೆ. ಹಣ್ಣಿನ ಸಿಪ್ಪೆ, ಲೋಳೆಯ ಸಕ್ಕರೆ ನೀರಿಗೆ ಸೇರಿ ಹುಳಿಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಮೀನು ಉಸಿರುಗಟ್ಟಿ ತೇಲುತ್ತವೆ, ಬಂಡೆ ಕಪ್ಪಾಗಿ ಜಾರುತ್ತದೆ, ಮಿಂದವರ ಮೈ ಕಡಿಯುತ್ತದೆ. ಈ ನೀರನ್ನು ಹಳ್ಳಕ್ಕೆ ಬಿಡದೆ ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ಕಳಿತ ಮೇಲೆ ತೋಟಕ್ಕೇ ಹಾಯಿಸಬೇಕು. ಸಿಪ್ಪೆ ಗೊಬ್ಬರದ ಗುಂಡಿಗೆ. ಅಡಿಕೆಯವರೂ ನಗಬೇಕಾಗಿಲ್ಲ. ಕೊಳೆ ಔಷಧಿ ಹೊಡೆದ ಸಂಜೆ ಮೈಲುತುತ್ತದ ಡ್ರಮ್ಮನ್ನು ಹಳ್ಳದಲ್ಲೇ ತೊಳೆಯುವ ರೂಢಿ ಇನ್ನೂ ಇದೆ. ತಾಮ್ರ ಮೀನಿಗೆ ವಿಷ.

ಈಗ ನೀರಿಗೆ ಇಳಿಯುವ ಮಾತು. ಸಣ್ಣ ಅಬ್ಬಿ ಎಂದರೆ ಅಪಾಯವಿಲ್ಲ ಎಂದು ಬಯಲಿನವರು ತಿಳಿಯುತ್ತಾರೆ; ತಿಳಿಸಬೇಕಾದವರು ನಾವು. ೨೦೨೪ರ ಮೇ ೧೭ರಂದು ತಮಿಳುನಾಡಿನ ಹಳೆ ಕುಟ್ರಾಲಂನಲ್ಲಿ, ಸಂಸಾರಸಮೇತ ಜನ ಸ್ನಾನ ಮಾಡುವ ಜಾಗದಲ್ಲೇ, ಒಮ್ಮೆಲೇ ನೀರು ನುಗ್ಗಿ ಹದಿನೇಳು ವರ್ಷದ ಹುಡುಗ ಕೊಚ್ಚಿಹೋದ. ಅದೇ ವರ್ಷ ಜೂನ್ ೩೦ರಂದು ಲೋನಾವಳದ ಭೂಶಿ ಅಣೆಕಟ್ಟೆಯ ಹಿಂದಿನ ಅಬ್ಬಿಯಲ್ಲಿ ಒಂದೇ ಕುಟುಂಬದ ಐವರು, ಹೆಚ್ಚಿನವರು ಮಕ್ಕಳು, ಪ್ರಾಣ ಕಳೆದುಕೊಂಡರು. ನಮ್ಮ ರಾಜ್ಯದ್ದೇ ಬೇಕೆಂದರೆ ೨೦೨೩ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕ ಕಾಲು ಜಾರಿ ಹೋದದ್ದನ್ನು ಜೊತೆಯವರ ಫೋನೇ ಚಿತ್ರ ತೆಗೆದಿತ್ತು.

ನೀರು ಒಮ್ಮೆಲೇ ಏರುವುದಕ್ಕೆ ಕಾರಣ ಸರಳ. ಕಡಿದಾದ ಗುಡ್ಡದ ಹಳ್ಳಕ್ಕೆ ನೆತ್ತಿಯ ಮಳೆ ಸ್ವಲ್ಪ ಹೊತ್ತಿನಲ್ಲೇ ಬಂದು ಸೇರುತ್ತದೆ. ನಾವು ನಿಂತ ಜಾಗದಲ್ಲಿ ಬಿಸಿಲೇ ಇರಬಹುದು. ಆದ್ದರಿಂದ ನೋಡಬೇಕಾದ್ದು ನಮ್ಮ ತಲೆಯ ಮೇಲಿನ ಆಕಾಶವನ್ನಲ್ಲ, ಗುಡ್ಡದ ನೆತ್ತಿಯನ್ನು. ಅಲ್ಲಿ ಮೋಡ ಕಟ್ಟಿದ್ದರೆ ನೀರಿಗಿಳಿಯುವುದು ಬೇಡ. ಇಳಿದ ಮೇಲೆ ತಿಳಿನೀರು ಕದಡಿ ಕೆಂಪಗಾದರೆ, ದರಗು ಕಡ್ಡಿ ತೇಲಿಬಂದರೆ, ಸದ್ದು ದಪ್ಪವಾದರೆ, ಚಪ್ಪಲಿ ಬಟ್ಟೆ ಹುಡುಕುತ್ತ ನಿಲ್ಲದೆ ಮಕ್ಕಳ ಕೈ ಹಿಡಿದು ದಡ ಹತ್ತಬೇಕು. ವಾಹನ ಇರುವ ಕಡೆಯ ದಡದಲ್ಲೇ ಆಡುವುದು ಜಾಣತನ. ಆಚೆ ದಾಟಿದವರು ನೀರು ಏರಿದಾಗ ಮರಳಲು ಹೋಗಿಯೇ ಕೆಡುತ್ತಾರೆ. ಮಡುವಿಗೆ ಯಾರೂ ಹಾರಕೂಡದು, ಕಳೆದ ವರ್ಷ ಆಳವಿದ್ದ ಕಡೆ ಈ ವರ್ಷ ಬಂಡೆ ಉರುಳಿ ಕೂತಿರಬಹುದು. ಪಾಚಿ ಹಿಡಿದ ಕಲ್ಲಿನ ಮೇಲೆ ಹವಾಯಿ ಚಪ್ಪಲಿಗಿಂತ ಬರಿಗಾಲೇ ಮೇಲು. ನಮ್ಮ ಹುಡುಗರು ನೆಂಟರ ಮುಂದೆ ಶೌರ್ಯ ತೋರಿಸುವುದನ್ನು ಮನೆಯಲ್ಲೇ ಹೇಳಿ ತಡೆಯಿರಿ.

ಹೋಗಲು ಒಳ್ಳೆಯ ಕಾಲ ಅಕ್ಟೋಬರಿನಿಂದ ಜನವರಿ. ಭಾನುವಾರ ಮತ್ತು ಸಾಲುರಜೆಗಳಲ್ಲಿ ಜನ ಕಿಕ್ಕಿರಿಯುತ್ತಾರೆ; ವಾರದ ನಡುವೆ ಬೆಳಗ್ಗೆಯೇ ಹೋದರೆ ಗುಡಿಯ ಮುಂದೆ ನೀರಿನ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ. ಇಂಬಳಕ್ಕೆ ಉಪ್ಪಿನ ಗಂಟು, ಮಕ್ಕಳಿಗೆ ಒಂದು ಜೊತೆ ಒಣಬಟ್ಟೆ, ಬುತ್ತಿಯ ಎಲೆ ಕಾಗದ ವಾಪಸು ತರಲು ಒಂದು ಖಾಲಿ ಚೀಲ, ಇಷ್ಟು ಸಾಕು. ಅಲ್ಲಿ ಪೂಜೆ ನಡೆಯುತ್ತದೆ. ಸೋಪು ಹಚ್ಚಿ ಮೀಯಬಾರದೆಂದು ನೆಂಟರಿಗೆ ಮೊದಲೇ ತಿಳಿಸಿ. ನಮ್ಮ ಬೀಗರ ಮನೆಯವರು ಈ ಬಾರಿ ಸಂಕ್ರಾಂತಿಗೆ ಬರುವುದಾಗಿ ಬರೆದಿದ್ದಾರೆ. ಅಷ್ಟರಲ್ಲಿ ಮೇಲಿನ ತೋಟದವರ ಪಲ್ಪಿಂಗ್ ಗುಂಡಿಗೆ ಏರಿ ಕಟ್ಟಿಸುವ ಕೆಲಸವನ್ನು ಮುಂದಿನ ತಿಂಗಳ ಸಭೆಯಲ್ಲಿ ಮಾತಾಡೋಣ.