ದುಬೈಗೆ ಹೊರಟವರ ಗಂಟಿನಲ್ಲಿ ಗಸಗಸೆ ಬೇಡ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ನಮ್ಮ ಎಷ್ಟೋ ಮನೆಗಳ ಮಕ್ಕಳು ದುಬೈಯಲ್ಲಿ ಉದ್ಯೋಗದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ಹಿರಿಯರು ದೇವನಹಳ್ಳಿಯ ವಿಮಾನ ಹತ್ತುವಾಗ ಚಟ್ನಿಪುಡಿ, ಉಂಡೆಗಳೊಡನೆ ಗಸಗಸೆಯ ಪೊಟ್ಟಣವೂ ಗಂಟು ಸೇರುವುದುಂಟು. ಅದೊಂದನ್ನು ದಯಮಾಡಿ ಮನೆಯಲ್ಲೇ ಬಿಡಿರೆಂದು ಕೋರುತ್ತೇವೆ.

ನಮಗದು ಪಾಯಸದ ಸಾಮಗ್ರಿ. ಆದರೆ ಅಫೀಮಿನ ಗಿಡದ ಬೀಜವಾದ ಕಾರಣ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷಿದ್ಧ ವಸ್ತು. ಬ್ರೆಡ್ಡಿನಿಂದ ಉದುರಿ ಬಟ್ಟೆಗಂಟಿದ ಮೂರೇ ಕಾಳುಗಳಿಗಾಗಿ ಪ್ರವಾಸಿಯೊಬ್ಬರು ಸೆರೆವಾಸ ಕಂಡ ಸುದ್ದಿ 2008ರಲ್ಲಿ ಪ್ರಕಟವಾಗಿತ್ತು. ಗಸಗಸೆ ಸವರಿದ ಕಜ್ಜಾಯಕ್ಕೂ, ಅದನ್ನು ಹುರಿದು ಹಾಕಿದ ಮಸಾಲೆಪುಡಿಗೂ ಇದೇ ಮಾತು. ಬಾಣಂತಿಗೆ ಬಾದಾಮಿ ಪಾಯಸವಾದರೂ ಆದೀತು. ಬಾದಾಮಿ ಅಲ್ಲಿಯೇ ಧಾರಾಳವಾಗಿ ದೊರೆಯುತ್ತದೆ.

ಕೊಡೀನ್ ಬೆರೆತ ಕೆಮ್ಮಿನ ಔಷಧಿ, ಕೆಲವು ನೋವು ನಿವಾರಕಗಳು ಹಾಗೂ ನಿದ್ರೆಯ ಮಾತ್ರೆಗಳಿಗೆ ಅಲ್ಲಿನ ಸರ್ಕಾರದ ಪೂರ್ವಾನುಮತಿ ಬೇಕು. ವೈದ್ಯರ ಚೀಟಿ ಕೈಚೀಲದಲ್ಲಿರಲಿ.

ಇಷ್ಟಲಿಂಗದ ಬೆಳ್ಳಿ ಕರಡಿಗೆಯಿಂದ ತಪಾಸಣೆಯ ಯಂತ್ರ ಸದ್ದು ಮಾಡಬಹುದು. ಸಂಕೋಚಪಡದೆ, ಪ್ರತ್ಯೇಕ ಕೋಣೆಯಲ್ಲಿ ನೋಡಿರೆಂದು ಮೊದಲೇ ವಿನಂತಿಸಬಹುದು.

ಇನ್ನು ನಡವಳಿಕೆ. ಅಪರಿಚಿತ ಸ್ತ್ರೀಯರ ಭಾವಚಿತ್ರ ತೆಗೆಯಬಾರದು. ಅವರಾಗಿ ಕೈ ಚಾಚದ ಹೊರತು ಪುರುಷರು ಕೈಕುಲುಕಲು ಮುಂದಾಗದೆ, ಬಲಗೈಯನ್ನು ಎದೆಗಿಟ್ಟು ವಂದಿಸಿದರೆ ಸಾಕು. ಕೊಡುವುದೂ ಕೊಳ್ಳುವುದೂ ಬಲಗೈಯಲ್ಲೇ. ಇದನ್ನು ನಮ್ಮವರಿಗೆ ಕಲಿಸಬೇಕಾಗಿಲ್ಲ! 2022ರಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ. ಶುಕ್ರವಾರ ಅರ್ಧ ದಿನದ ಕೆಲಸ. ರಂಜಾನ್ ಮಾಸದಲ್ಲಿ ಹಗಲು ಬೀದಿಯಲ್ಲಿ ತಿನ್ನುವುದು, ನೀರು ಕುಡಿಯುವುದು ತರವಲ್ಲ. ಮೊಮ್ಮಗುವಿಗೆ ಹಸಿವಾದರೆ ಚಿಂತೆಯಿಲ್ಲ, ಚಿಕ್ಕ ಮಕ್ಕಳಿಗೆ ಉಪವಾಸದ ಕಟ್ಟಳೆಯಿಲ್ಲ.